ಭಾವ ಬಡಿದ ಹಲಗೆ

ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿದ ತಿಂಗಳೇ ಒಂದು ಹಳೆಯ ಮರದ ದೋಣಿ ಕೊಂಡರು. ನಲವತ್ತು ಅಡಿ ಉದ್ದ, ಮೂರು ಸಿಲಿಂಡರಿನ ಡೀಸೆಲ್ ಇಂಜಿನ್, ಒಳಗೆ ನಾಲ್ಕು ಜನ ಮಲಗುವಷ್ಟು ಜಾಗ, ಮತ್ತೆ ಎಲ್ಲಿ ಕೈಯಿಟ್ಟರೂ ಹಕ್ಕಿಗಳ ಹಿಕ್ಕೆ. ಅದನ್ನು ಹಳಿಯ ಮೇಲೆ ಎಳೆತಂದು ದುರಸ್ತಿ ಅಂಗಳದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದ ದಿನ ಡಾಕ್ಟರು ಕೈ ಹಿಂದೆ ಕಟ್ಟಿಕೊಂಡು ಸುತ್ತ ಒಂದು ಸಲ ತಿರುಗಿ, "ಹುಳುಕು ಇದೆ, ಆದ್ರೆ ಬೇರು ಗಟ್ಟಿ ಇದೆ," ಎಂದರು. ಅಲ್ಲಿದ್ದವರೆಲ್ಲ ನಕ್ಕರು. ಮರದ ಕೆಲಸಕ್ಕೆ ಯಾರು ಎಂದು ಕೇಳಿದಾಗ ಎಲ್ಲರೂ ಒಂದೇ ಬಾಯಲ್ಲಿ "ಮೇಸ್ತ್ರಿ" ಎಂದರು. ಇಂಜಿನ್ನಿಗೆ ಯಾರು ಎಂದಾಗ ಮಾತ್ರ ಒಬ್ಬೊಬ್ಬರೂ ಒಂದೊಂದು ಕಡೆ ನೋಡತೊಡಗಿದರು.

"ಈ ಜಾತಿ ಇಂಜಿನ್ ಬಿಚ್ಚಿ ಕಟ್ಟೋಕೆ ಬರೋದು ಇಂಜಿನಕ್ಕ ಒಬ್ಬಳಿಗೇ," ಎಂದ ಕೊನೆಗೆ ಹಳಿಯ ಗಾಡಿ ನಡೆಸುವವನು. "ಆದ್ರೆ..."

"ಆದ್ರೆ ಏನು?"

"ಏನಿಲ್ಲ ಬಿಡಿ. ನೀವು ಹೊಸಬರು."

ಡಾಕ್ಟರು ಹೊಸಬರಾಗಿದ್ದೇ ಇಂಜಿನಕ್ಕನ ಪುಣ್ಯ. ಎಂಟು ವರ್ಷದಿಂದ ಅವಳ ಕೈಗೆ ಯಾರೂ ದೋಣಿಯ ಇಂಜಿನ್ ಕೊಟ್ಟಿರಲಿಲ್ಲ. ನೀರೆತ್ತುವ ಪಂಪು, ಜನರೇಟರು, ಯಾರದೋ ಹಿಟ್ಟಿನ ಗಿರಣಿಯ ಮೋಟಾರು, ಇಂಥವನ್ನೇ ರಿಪೇರಿ ಮಾಡಿಕೊಂಡು ಬದುಕಿದ್ದಳು. ಎಂಟು ವರ್ಷದ ಹಿಂದೆ, ದಡದಿಂದ ದಡಕ್ಕೆ ಜನ ಸಾಗಿಸುವ ಒಂದು ದೋಣಿಯನ್ನು ಮನೆಯವರೆಲ್ಲ ಸೇರಿ ಹೊಸದು ಮಾಡಿದ್ದರು. ಹಲಗೆಯ ಕೆಲಸ ಗಂಡನ ಅಣ್ಣನದು, ಅಂದರೆ ಭಾವನದು, ಎಲ್ಲರೂ ಮೇಸ್ತ್ರಿ ಎನ್ನುವುದು ಅವನನ್ನೇ; ಇಂಜಿನ್ ಕೆಲಸ ಅವಳದು. ಓಡಿಸಿ ನೋಡಲು ಗಂಡ ಒಬ್ಬನೇ ಹೋದ. ಅಲೆ ತಡೆಯುವ ಕಲ್ಲಿನ ಗೋಡೆಯ ಹತ್ತಿರ ಇಂಜಿನ್ ನಿಂತಿತು. ಅಲೆ ದೋಣಿಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿತು. ಗಂಡನ ಹೆಣ ಮೂರನೆಯ ದಿನ ಸಿಕ್ಕಿತು. ದೋಣಿ ಸೌದೆಯಾಗಿ ದಡಕ್ಕೆ ಬಂತು.

ವಿಚಾರಣೆ ನಡೆಯಿತು. ಭಾವ ಎದ್ದು ನಿಂತು ಒಂದೇ ಮಾತು ಹೇಳಿದ: "ಇಂಜಿನ್ ನಿಂತಿತ್ತು. ಇಂಜಿನ್ ಕಟ್ಟಿದ್ದು ಯಾರು ಅಂತ ಎಲ್ಲರಿಗೂ ಗೊತ್ತು."

ಅವಳು ಬಾಯಿ ಬಾಯಿ ಬಡಿದುಕೊಂಡಳು. ನೀರು ಒಳಗೆ ನುಗ್ಗಿದ್ದರಿಂದಲೇ ಇಂಜಿನ್ ನಿಂತಿದೆ, ತಾನಾಗಿ ನಿಂತದ್ದಲ್ಲ, ಸಿಲಿಂಡರಿನಲ್ಲಿ ನೀರಿತ್ತು ನೋಡಿ ಎಂದಳು. ಮುಳುಗಿದ ಇಂಜಿನ್ನಿನಲ್ಲಿ ನೀರಲ್ಲದೆ ಇನ್ನೇನಿರುತ್ತದೆ ಎಂದು ಅಧಿಕಾರಿ ನಕ್ಕುಬಿಟ್ಟ. ಹಲಗೆ ಒಡೆದದ್ದು ಮೊದಲೋ ಆಮೇಲೋ ಎಂದು ಹೇಳಲು ಹಲಗೆಯೇ ಉಳಿದಿರಲಿಲ್ಲ. ತಪ್ಪನ್ನು ಅವಳ ತಲೆಗೆ ಕಟ್ಟಿದರು. ಅತ್ತೆ, ಗಂಡನ ತಾಯಿ, ದೊಡ್ಡ ಮಗನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೊಸೆ ಹೋಗಿ ಬಾಗಿಲು ತಟ್ಟಿದರೆ ಕಿಟಕಿಯ ಪರದೆ ಒಂದಿಷ್ಟು ಸರಿದು ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಇಂಥ ಇಬ್ಬರನ್ನು ಡಾಕ್ಟರು ಒಂದೇ ದೋಣಿಯೊಳಗೆ ಕೂಡಿಹಾಕಿದರು. ಭಾವ ಬಿಟ್ಟು ಹೋಗುತ್ತಾನೆಂದು ಅವಳು ಕಾದಳು, ಅವಳು ಬಿಟ್ಟು ಹೋಗುತ್ತಾಳೆಂದು ಅವನು ಕಾದ. ಇಬ್ಬರೂ ಹೋಗಲಿಲ್ಲ.

ಮಾತಿನ ವ್ಯವಹಾರವೆಲ್ಲ ಡಾಕ್ಟರ ಮೂಲಕ. ಮೂರಡಿ ದೂರದಲ್ಲಿ ಅವಳು ನಿಂತಿದ್ದರೂ ಭಾವ ಬೆನ್ನು ತಿರುಗಿಸಿಕೊಂಡು, "ಡಾಕ್ಟ್ರೇ, ಆಕೆಗೆ ಹೇಳಿ, ನನ್ನ ಹೊಸ ಮರದ ಮೇಲೆ ಎಣ್ಣೆ ಕೈ ಇಡೋದು ಬೇಡ," ಎನ್ನುತ್ತಿದ್ದ.

"ಡಾಕ್ಟ್ರೇ, ಅವರಿಗೆ ಹೇಳಿ, ಇಂಜಿನ್ ಇಲ್ದೇ ಇದ್ರೆ ಅವರ ಹೊಸ ಮರ ಬರೀ ಮಂಚ."

ಡಾಕ್ಟರು ಪಾಪ, ಹಲ್ಲು ತೋರಿಸುವಂತೆ ಬಾಯಿ ಅಗಲಿಸಿ ಒಂದೊಂದೇ ಅಕ್ಷರ ಬಿಡಿಸಿ ಮಾತಾಡುವ ಮನುಷ್ಯ. ರೋಗಿಗಳ ಜೊತೆ ಮೂವತ್ತೈದು ವರ್ಷ ಹಾಗೆ ಮಾತಾಡಿ ಅದೇ ರೂಢಿಯಾಗಿತ್ತು. ಇಬ್ಬರ ಬೈಗುಳವನ್ನೂ ಅಷ್ಟೇ ಶ್ರದ್ಧೆಯಿಂದ ಅತ್ತಿಂದಿತ್ತ ಮುಟ್ಟಿಸುತ್ತಿದ್ದರು. ಭಾವ ಅವರ ಬಾಯಿಯನ್ನೇ ನೋಡುತ್ತ ಕೇಳಿಸಿಕೊಂಡು, ಉತ್ತರ ಕೊಟ್ಟು, ಮತ್ತೆ ಬೆನ್ನು ತಿರುಗಿಸುತ್ತಿದ್ದ.

ಕೆಲಸದ ಮೊದಲ ವಾರ ಭಾವ ಕೊಡತಿ ಹಿಡಿದು ದೋಣಿಯ ಹೊರಮೈಯ ಹಲಗೆಗಳನ್ನೆಲ್ಲ ಒಂದೊಂದಾಗಿ ಬಡಿದು ನೋಡಿದ. ಕಣ್ಣು ಮುಚ್ಚಿ, ಕಿವಿಯನ್ನು ಮರಕ್ಕೆ ಹಚ್ಚಿ, ಉಸಿರು ಬಿಗಿಹಿಡಿದು ಬಡಿಯುವುದು. ಗಟ್ಟಿ ಹಲಗೆ ಠಣ್ ಎನ್ನುತ್ತದೆ, ಒಳಗೆ ಕೊಳೆತದ್ದು ಬದ್ ಎನ್ನುತ್ತದೆ. ಡಾಕ್ಟರು ಮೈಮರೆತು ನೋಡಿದರು. "ನಾನೂ ಹಲ್ಲನ್ನ ಹೀಗೇ ಬಡಿದು ನೋಡ್ತಿದ್ದೆ," ಎಂದರು. ಭಾವ ಹದಿನಾಲ್ಕು ಹಲಗೆಗಳ ಮೇಲೆ ಸೀಮೆಸುಣ್ಣದ ಕತ್ತರಿ ಗುರುತು ಹಾಕಿ, ಉಳಿದದ್ದೆಲ್ಲ ಗಟ್ಟಿ ಎಂದು ತೀರ್ಪು ಕೊಟ್ಟ.

ಅವನ ಕೈಚಳಕದ ಬಗ್ಗೆ ಅವಳಿಗೂ ಎರಡು ಮಾತಿರಲಿಲ್ಲ. ಅದೇ ಅವಳ ಹೊಟ್ಟೆ ಉರಿ. ಹೊಸ ಹಲಗೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲು ದೋಣಿಯ ಮೈಗೆ ಬಗ್ಗಿಸಿ ಕೂರಿಸುತ್ತಿದ್ದ; ಸಂದಿಯಲ್ಲಿ ಕೂದಲೂ ತೂರುತ್ತಿರಲಿಲ್ಲ. ಒಳಗೆ ಮಲಗುವ ಬಂಕುಗಳ ಕೆಳಗೆ ಅವನು ಮಾಡಿದ ಡ್ರಾಯರುಗಳಲ್ಲಿ ಒಂದನ್ನು ಮುಚ್ಚಿದರೆ ಗಾಳಿಯ ಒತ್ತಡಕ್ಕೆ ಪಕ್ಕದ್ದು ತಾನಾಗಿ ಹೊರಬರುತ್ತಿತ್ತು, ಅಷ್ಟು ಬಿಗಿ. ಅವಳು ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಆ ಡ್ರಾಯರನ್ನು ಮೂರು ಸಲ ಮುಚ್ಚಿ ತೆಗೆದು ನೋಡಿ, ಹಲ್ಲು ಕಡಿದುಕೊಂಡು ಕೆಳಗಿಳಿದಿದ್ದಳು.

ಅವಳ ಪಾಡು ದೋಣಿಯ ಹೊಟ್ಟೆಯಲ್ಲಿ. ಪಿಸ್ಟನ್ನುಗಳು ತುಕ್ಕಿನಿಂದ ಕಚ್ಚಿಕೊಂಡು ಕೂತಿದ್ದವು. ಡೀಸೆಲ್ಲಿಗೆ ತೆಳು ಎಣ್ಣೆ ಬೆರೆಸಿ ಸಿಲಿಂಡರುಗಳಿಗೆ ಸುರಿದು ಒಂಬತ್ತು ದಿನ ಕಾದಳು. ಹತ್ತನೆಯ ದಿನ ಉದ್ದನೆಯ ಕಬ್ಬಿಣದ ಸಲಾಕೆಗೆ ಮೈಭಾರವೆಲ್ಲ ಹಾಕಿದಾಗ ಕ್ರ್ಯಾಂಕ್ ಕೂದಲೆಳೆಯಷ್ಟು ಅಲುಗಿತು. ಇಂಜಿನ್ನನ್ನು ತಣಿಸುವ ನೀರು ಹರಿಯುವ ದಾರಿಗಳಲ್ಲಿ ಉಪ್ಪು ಗಚ್ಚಿನಂತೆ ಗಟ್ಟಿಯಾಗಿತ್ತು. ಅದನ್ನು ಸಣ್ಣ ಉಳಿಯಿಂದ ಕೆತ್ತಿ ಕೆತ್ತಿ ತೆಗೆದಳು. ಮಸಿ, ಮರದ ಪುಡಿ, ಹಳೆಯ ಬಣ್ಣದ ಧೂಳು ಮೂಗಿಗೆ ಹೋಗದಂತೆ ಯಾವಾಗಲೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಇರುತ್ತಿದ್ದಳು. ಕಣ್ಣೆರಡು ಬಿಟ್ಟರೆ ಮುಖವೇ ಕಾಣುತ್ತಿರಲಿಲ್ಲ.

ಎರಡನೆಯ ತಿಂಗಳಲ್ಲಿ ಇಂಜಿನ್ ಕೂರಿಸುವ ಕೆಲಸ ಬಂತು. ಅಷ್ಟರಲ್ಲಿ ಭಾವ ಹೊರಮೈಗೆ ಹತ್ತಿನೂಲು ತುರುಕಿ, ರಾಳ ಮೆತ್ತಿ ಮುಗಿಸಿ, ಒಳಗಿನ ಗೋಡೆಗಳಿಗೆ ಹೊಳಪಿನ ಹಲಗೆ ಹೊದಿಸುತ್ತಿದ್ದ. ಅವಳು ಇಂಜಿನ್ನಿನ ಅಡಿಯಲ್ಲಿ ಅಂಗಾತ ಮಲಗಿ, ಬೋಲ್ಟಿಗೆ ಕೈ ಎಟುಕದೆ ಪಕ್ಕಕ್ಕೆ ಹೊರಳಿದಾಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಹಲಗೆಗೆ ತಾಗಿತು. ತಾಗಿದ್ದಷ್ಟೇ ಅಲ್ಲ, ಬೆಂದ ಗೆಣಸಿಗೆ ಚುಚ್ಚಿದ ಹಾಗೆ ಎರಡು ಇಂಚು ಒಳಗೆ ಹೋಯಿತು.

ಅವಳು ಅದನ್ನು ಹೊರಗೆಳೆದು ಮೂಸಿದಳು. ಹುಳಿ ವಾಸನೆ. ಸ್ಪ್ಯಾನರಿನ ತುದಿಯಿಂದ ಬಡಿದಳು: ಬದ್. ಪಕ್ಕದ ಹಲಗೆಗೆ ಬಡಿದಳು: ಠಣ್. ಮತ್ತೆ ಇದಕ್ಕೆ: ಬದ್. ಕಿವಿಯಿದ್ದ ಯಾರಿಗಾದರೂ ಗೊತ್ತಾಗುವ ವ್ಯತ್ಯಾಸ. ಹೊರಗೆ ಹೋಗಿ ನೋಡಿದರೆ ಆ ಹಲಗೆಯ ಹೊರಮೈ ನುಣ್ಣಗೆ ಚೆಂದವಾಗಿತ್ತು. ಕತ್ತರಿ ಗುರುತು ಇರಲಿಲ್ಲ. ಕೊಡತಿ ಬಿದ್ದ ಸಣ್ಣ ತಗ್ಗು ಮಾತ್ರ ಇತ್ತು. ಅಂದರೆ ಭಾವ ಬಡಿದಿದ್ದ. ಬಡಿದೂ ಬಿಟ್ಟಿದ್ದ.

ಅವಳು ದೋಣಿಯ ಕೆಳಗೇ ಕೂತು ಸುಮಾರು ಹೊತ್ತು ಯೋಚಿಸಿದಳು. ಇಂಥ ಕೈಯವನು ಸೋಮಾರಿತನಕ್ಕೆ ಬಿಟ್ಟಿರಲಾರ. ಹಾಗಾದರೆ?

ಭಾವ ಶೆಡ್ಡಿನ ಆ ತುದಿಯಲ್ಲಿ ಬೆನ್ನು ತಿರುಗಿಸಿ ಮರ ಕೀಸುತ್ತಿದ್ದ. ಅವಳು ಅವನ ಹಿಂದೆ ಹೋಗಿ ನಿಂತಳು. ನೆಲದ ಮೇಲೆ ಬಿದ್ದಿದ್ದ ತಗಡಿನ ಮೇಲೆ ಕೈಯಲ್ಲಿದ್ದ ದೊಡ್ಡ ಸ್ಪ್ಯಾನರ್ ಬಿಟ್ಟಳು. ಆ ಸದ್ದಿಗೆ ಸೂರಿನ ಹಕ್ಕಿಗಳು ಹಾರಿದವು, ಅಂಗಳದಿಂದ ಯಾರೋ "ಅಯ್ಯೋ, ಏನಾಯ್ತು?" ಎಂದು ಕೂಗಿದರು. ಭಾವ ಕೀಸುತ್ತಲೇ ಇದ್ದ.

"ಭಾವ," ಎಂದಳು ಅವಳು. ಎಂಟು ವರ್ಷದಲ್ಲಿ ಮೊದಲ ಸಲ.

ಕೀಸಿದ ಸಿಪ್ಪೆ ಸುರುಳಿಯಾಗಿ ನೆಲಕ್ಕೆ ಬಿತ್ತು.

"ಕೊಲೆಗಾರ," ಎಂದಳು. ಮತ್ತೆ ಗಂಟಲೆತ್ತಿ, "ಕೊಲೆಗಾರ!" ಮೂರನೆಯ ಸಲ ಕಿರುಚಿಯೇಬಿಟ್ಟಳು. ಅವನು ಬಾಗಿ ಮರದ ಪುಡಿಯನ್ನು ಉಫ್ ಎಂದು ಊದಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, ಮತ್ತೆ ಕೀಸತೊಡಗಿದ.

ಬೆನ್ನು ತಿರುಗಿಸುವುದು ತನ್ನ ಮೇಲಿನ ತಿರಸ್ಕಾರವೆಂದುಕೊಂಡಿದ್ದಳು. ಬಟ್ಟೆ ಕಟ್ಟಿಕೊಂಡ ಬಾಯಿ ಅವನಿಗೆ ಓದಲು ಬರುವುದಿಲ್ಲ, ಅಷ್ಟೇ. ಡಾಕ್ಟರ ಬಾಯಿ ಬರುತ್ತದೆ. ಮೊದಲು ಅವಳಿಗೆ ಆದದ್ದು ಸಂತೋಷ. ಅದನ್ನು ಮುಚ್ಚಿಡುವುದೇಕೆ? ಉರಿಯುವ ಹೊಟ್ಟೆಗೆ ತಣ್ಣೀರು ಬಿದ್ದ ಹಾಗಿತ್ತು. ಎಂಟು ವರ್ಷ ಬರಿಗೈಯಲ್ಲಿ ಗುದ್ದಾಡಿದವಳಿಗೆ ಈಗ ಕೈಗೊಂದು ಆಯುಧ ಸಿಕ್ಕಿತ್ತು.

ಊಟ ಮುಗಿಸಿ ಡಾಕ್ಟರು ಬಂದ ಕೂಡಲೇ ಅವರನ್ನು ಆ ಹಲಗೆಯ ಮುಂದೆ ನಿಲ್ಲಿಸಿದಳು.

"ಡಾಕ್ಟ್ರೇ, ನಿಮ್ಮ ಮೇಸ್ತ್ರಿಗೆ ಹೇಳಿ, ಇದನ್ನ ಇನ್ನೊಂದ್ಸಲ ಬಡಿದು ನೋಡ್ಲಿ."

ಡಾಕ್ಟರು ಹೇಳಿದರು. ಭಾವನ ಹುಬ್ಬು ಗಂಟಾಯಿತು. "ಬಡಿದಾಗಿದೆ. ಗಟ್ಟಿ ಇದೆ. ಇಂಜಿನ್ ಕೆಲಸದವರು ಇಂಜಿನ್ ನೋಡ್ಕೊಂಡ್ರೆ ಸಾಕು ಅನ್ನಿ."

"ಹಾಗಾದ್ರೆ ನೀವೇ ಬಡೀರಿ ಡಾಕ್ಟ್ರೇ. ಇದಕ್ಕೊಂದು ಏಟು, ಪಕ್ಕದ್ದಕ್ಕೊಂದು ಏಟು."

ಡಾಕ್ಟರು ಕೊಡತಿ ತೆಗೆದುಕೊಂಡು ಬಡಿದರು. ಬದ್. ಠಣ್. ಅವರ ಮುಖ ಬಿಳಿಚಿತು. "ಮೇಸ್ತ್ರಿ, ಇದು ಬೇರೆ ಥರ ಕೇಳಿಸ್ತಿದೆಯಲ್ಲ?"

ಭಾವ ಅವರ ತುಟಿ ನೋಡುತ್ತಿದ್ದ. ಹಲಗೆಯತ್ತ ಕಿವಿ ಇರಲಿ, ಕಣ್ಣು ಕೂಡ ಹೋಗಲಿಲ್ಲ. ಅವಳು ಮುಖದ ಬಟ್ಟೆ ಬಿಚ್ಚಿ ಅವನ ಎದುರಿಗೆ ಬಂದು ನಿಂತಳು. ಹಿರಿಯನೆಂದು ಸದಾ ನೀವು ಎನ್ನುತ್ತಿದ್ದ ಬಾಯಿಗೆ ಆ ಹೊತ್ತಿನಲ್ಲಿ ನೀನು ಎಂದೇ ಬಂತು.

"ನಿಂಗೆ ಕಿವಿ ಕೇಳಿಸಲ್ಲ."

"ಯಾವನು ಹೇಳಿದ್ದು?"

"ಬೆಳಿಗ್ಗೆ ನಿನ್ನ ಬೆನ್ನ ಹಿಂದೆ ನಿಂತು ಕೊಲೆಗಾರ ಅಂದೆ. ಮೂರು ಸಲ. ನೀನು ಪುಡಿ ಊದ್ತಾ ಇದ್ದೆ."

ಭಾವ ಡಾಕ್ಟರ ಕೈಯಿಂದ ಕೊಡತಿ ಕಿತ್ತುಕೊಂಡ. ಅವಳ ಮೇಲೆಯೇ ಎಸೆಯುತ್ತಾನೆಂದು ಡಾಕ್ಟರು ಅಡ್ಡ ಬಂದರು. ಅವನು ಅದನ್ನು ಬೀಸಿ ಎಸೆದ. ಅದು ಅವನೇ ಮೆರುಗು ಹಚ್ಚಿ ಒಣಗಲು ನಿಲ್ಲಿಸಿದ್ದ ಕಪಾಟಿನ ಬಾಗಿಲಿಗೆ ಬಡಿದು ಬಾಗಿಲು ಉದ್ದಕ್ಕೆ ಸೀಳಿತು.

"ಹೌದು! ಕೇಳಲ್ಲ! ಏನೀಗ?"

"ಎಷ್ಟು ವರ್ಷದಿಂದ?"

ಅವನು ಅರ್ಥವಾಗದವನಂತೆ ಡಾಕ್ಟರ ಕಡೆ ನೋಡಿದ. ಅವಳು ಬಿಡಲಿಲ್ಲ. ಮಸಿ ಹಿಡಿದ ಎರಡೂ ಕೈ ಎತ್ತಿ ಎಂಟು ಬೆರಳು ಬಿಡಿಸಿ ಅವನ ಮುಖದ ಮುಂದೆ ಹಿಡಿದಳು. ಭಾವ ಆ ಬೆರಳುಗಳನ್ನು ನೋಡಿದ. ಅವನ ಕೈಗಳು ಮೇಲೆದ್ದವು. ಹತ್ತೂ ಬೆರಳು ಬಿಡಿಸಿದ್ದವು.

ಅವಳು ಕೈ ಇಳಿಸಿದಳು.

"ಆ ದೋಣಿ ಹಲಗೆ ಬಡಿದಾಗ ಏನಾದ್ರೂ ಕೇಳಿಸಿತ್ತಾ?"

"ಇಲ್ಲ." ಅವನ ದನಿ ಇದ್ದಕ್ಕಿದ್ದ ಹಾಗೆ ಸಣ್ಣದಾಯಿತು. "ನೋಡೋಕೆ ಚೆನ್ನಾಗಿತ್ತು. ಚಾಕು ಚುಚ್ಚಿ ನೋಡ್ದೆ, ಚುಚ್ಚಿದ ಕಡೆ ಗಟ್ಟಿ ಇತ್ತು. ಚುಚ್ಚದ ಕಡೆ..." ಎಂದು ಕೈ ಬಿಟ್ಟ. "ಕಿವುಡ ಮೇಸ್ತ್ರಿಗೆ ದೋಣಿ ಯಾರು ಕೊಡ್ತಾರೆ?"

"ಕೊಲೆಗಾತಿಗೆ ಯಾರು ಕೊಡ್ತಾರೆ? ಅದು ಯೋಚ್ನೆ ಮಾಡಿದ್ಯಾ?"

ಅವನು ಸೀಳಿದ ಬಾಗಿಲಿನ ಕಡೆ ತಿರುಗಿದ. ಬಂದರು ಕಚೇರಿಗೆ ಬಂದು ಬರೆದುಕೊಡು ಎಂದು ಅವಳು ಕೇಳುತ್ತಾಳೆಂದು ಡಾಕ್ಟರು ಅಂದುಕೊಂಡಿದ್ದರು. ಅವಳು ಕೇಳಿದ್ದು ಬೇರೆ. "ಕಚೇರಿ ಆಮೇಲೆ. ಮೊದ್ಲು ಅತ್ತೆ ಮುಂದೆ ಹೇಳ್ಬೇಕು. ನಾನೂ ಇರ್ಬೇಕು."

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳು ಭಾವನ ಮನೆಯ ಮುಂದೆ ನಿಂತಳು. ಕೈಗಳನ್ನು ಸೀಮೆಎಣ್ಣೆ ಹಾಕಿ ತಿಕ್ಕಿ, ಆಮೇಲೆ ಸೋಪಿನಲ್ಲಿ ತೊಳೆದು ಬಂದಿದ್ದಳು. ಎಂಟು ವರ್ಷದ ಹಿಂದೆ ತಟ್ಟಿದ ಬಾಗಿಲಿಗೆ ಈಗ ಕರೆಗಂಟೆಯ ಗುಂಡಿ ಬಂದಿತ್ತು. ಒತ್ತಿದಳು. ಗಂಟೆ ಹೊಡೆಯಲಿಲ್ಲ. ಕಿಟಕಿಯ ಪರದೆಯ ಸಂದಿಯಿಂದ ಒಳಗಿನ ಗೋಡೆಯಲ್ಲಿ ಒಂದು ಕೆಂಪು ಬಲ್ಬು ಮಿಣುಕ್ ಮಿಣುಕ್ ಎಂದದ್ದು ಕಂಡಿತು. ಅವಳು ಬೆರಳು ತೆಗೆದಳು, ಬಲ್ಬು ಆರಿತು. ಮತ್ತೆ ಒತ್ತಿದಳು, ಹೊತ್ತಿತು.

ಅವನಿಗೆ ಕಿವಿ ಕೇಳಿಸದ್ದು ಆ ಮನೆಗೆಲ್ಲ ಗೊತ್ತಿತ್ತು. ಕಿವುಡನ ಮನೆಯ ಗಂಟೆ ಅದು. ಅದರ ಕೆಳಗೇ ಅತ್ತೆ ಕೂರುವ ಕುರ್ಚಿ.

ಬಾಗಿಲು ತೆರೆದದ್ದು ಭಾವ. ಅತ್ತೆ ಕಿಟಕಿಯ ಬೆಳಕಿಗೆ ಹಾಸಿಗೆಯ ಹೊದಿಕೆಯೊಂದನ್ನು ಹರಡಿಕೊಂಡು ಅಂಚು ಹೊಲಿಯುತ್ತಿದ್ದಳು. ಎಂಬತ್ತು ದಾಟಿದ್ದರೂ ಸೂಜಿಗೆ ದಾರ ಅವಳೇ ಪೋಣಿಸುತ್ತಿದ್ದಳು. ಸೊಸೆಯನ್ನು ಕೂರು ಎನ್ನಲಿಲ್ಲ. ಮಗ ಎದುರು ನಿಂತು ಒಂದೇ ಉಸಿರಿಗೆ ಹೇಳಿದ: ಇಂಜಿನ್ನಲ್ಲ, ಹಲಗೆ, ಅವಳಲ್ಲ, ನಾನು. ಹೇಳಿ ಮುಗಿಸಿ, ಹೊಡೆತಕ್ಕೆ ಕಾಯುವವನಂತೆ ತಲೆ ಬಗ್ಗಿಸಿದ.

ಅತ್ತೆಯ ಸೂಜಿ ನಿಲ್ಲಲಿಲ್ಲ. "ಇದನ್ನ ಹೇಳೋಕೆ ಇಬ್ಬರೂ ಬಂದ್ರಾ?" ಎಂದಳು ಸೊಸೆಗೆ.

"ಅತ್ತೆ, ಅವರು ಹೇಳಿದ್ದು ಕೇಳಿಸ್ತಾ ನಿಮಗೆ?"

"ನನಗೆ ಕಿವಿ ಚೆನ್ನಾಗಿದೆ. ನನಗೆ ಗೊತ್ತಿತ್ತು."

"ಯಾವಾಗಿಂದ?"

"ಅವನು ಹೆಣ ನೋಡಿ ಬಂದ ದಿನದಿಂದ. ಹೆತ್ತವಳಿಗೆ ಮಗನ ಮುಖ ಓದೋಕೆ ಬರಲ್ವಾ? ಅದಕ್ಕೂ ಎರಡು ವರ್ಷ ಮುಂಚೆ ಕಿವಿ ಹೋಗಿತ್ತು. ಕಿವಿ ಹೋದವನು ಹಲಗೆ ಹೇಗೆ ಬಡಿದ ಅಂತ ಲೆಕ್ಕ ಹಾಕೋಕೆ ನಾನೇನು ಶಾಲೆಗೆ ಹೋಗ್ಬೇಕಾ?"

ಇಂಜಿನಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಗೊತ್ತಿದ್ದೂ ನನ್ನ ಮುಖಕ್ಕೆ ಬಾಗಿಲು ಹಾಕಿದ್ರಾ?"

"ಮತ್ತಿನ್ನೇನು ಮಾಡ್ಲಿ?" ಅತ್ತೆ ಈಗ ಸೂಜಿ ಕೆಳಗಿಟ್ಟಳು. "ಒಬ್ಬನನ್ನ ಸಮುದ್ರ ತಗೊಂಡಿತ್ತು. ಇನ್ನೊಬ್ಬನನ್ನ ನಾನೇ ಹಿಡಿದುಕೊಡಬೇಕಿತ್ತಾ? ನೀನು ಗಟ್ಟಿಗಿತ್ತಿ. ಹೇಗಾದ್ರೂ ಬದುಕ್ಕೋತೀಯ ಅಂತ ಗೊತ್ತಿತ್ತು. ಇವನು ಬದುಕ್ತಿರಲಿಲ್ಲ."

"ನಾನು ಹೇಗೆ ಬದುಕಿದೆ ಅಂತ ಒಂದಿನ ಕೇಳಿದ್ರಾ?"

"ಕೇಳಿದ್ರೆ ಹೇಳ್ಬೇಕಾಗ್ತಿತ್ತು. ನಿನ್ನ ಮುಖ ನೋಡಿದ್ರೆ ಬಾಯಿಗೆ ಬಂದುಬಿಡ್ತಿತ್ತು. ಅದಕ್ಕೇ ಬಾಗಿಲು ತೆಗೀಲಿಲ್ಲ."

ಮಾತು ಅತ್ತಿಂದಿತ್ತ ಇಷ್ಟು ಜೋರಾಗಿ ಹಾರುತ್ತಿದ್ದಾಗ ಭಾವ ಇಬ್ಬರ ಬಾಯಿಯನ್ನೂ ಹಿಂಬಾಲಿಸಲಾಗದೆ ಒಮ್ಮೆ ಇತ್ತ ಒಮ್ಮೆ ಅತ್ತ ಕತ್ತು ಹೊರಳಿಸುತ್ತಿದ್ದ. "ಏನಂತೆ? ಅಮ್ಮ ಏನಂದ್ಳು?" ಎಂದ. ಅತ್ತೆ ಮುಖ ಕಿಟಕಿಗೆ ತಿರುಗಿಸಿದಳು. "ಏನಂದ್ಳು, ಹೇಳ್ರೋ ಯಾರಾದ್ರೂ!"

ಇಂಜಿನಕ್ಕ ಅವನ ಎದುರಿಗೆ ಬಂದು, ಒಂದೊಂದೇ ಮಾತನ್ನು ತುಟಿಯಿಂದ ಕಡಿದು ಕಡಿದು ಇಟ್ಟಳು. "ಅಮ್ಮನಿಗೆ. ಮೊದ್ಲಿಂದ. ಗೊತ್ತಿತ್ತಂತೆ."

ಭಾವ ಗೋಡೆಗೆ ಒರಗಿದ. ಎಂಟು ವರ್ಷ ಅವನು ಹಲಗೆಯ ವಿಷಯವನ್ನು ತಾಯಿಯಿಂದ ಬಚ್ಚಿಟ್ಟಿದ್ದ, ಅವಳು ಗೊತ್ತಿದ್ದೂ ಅವನಿಂದ ಬಚ್ಚಿಟ್ಟಿದ್ದಳು. ಒಂದೇ ಸೂರಿನಡಿ, ಒಂದೇ ಮೇಜಿನಲ್ಲಿ ಉಂಡುಕೊಂಡು. ಅವನ ಮುಖ ನೋಡಿ ಇಂಜಿನಕ್ಕನಿಗೆ ಕನಿಕರ ಬರಲಿಲ್ಲ. ಬರಬೇಕೇನೋ ಎಂದು ಒಂದು ಕ್ಷಣ ಕಾದಳು, ಬರಲಿಲ್ಲ.

"ಇನ್ಮೇಲೆ ನಿಮ್ಮನ್ನ ಅತ್ತೆ ಅಂತ ಕರೆಯಲ್ಲ," ಎಂದು ಹೇಳಿ ಹೊರಬಂದಳು. ಬೀದಿಯ ತಿರುವಿನವರೆಗೆ ನೆಟ್ಟಗೆ ನಡೆದಳು. ಅಲ್ಲಿ ಬೇಕರಿಯ ಪಕ್ಕದ ಕಟ್ಟೆಯ ಮೇಲೆ ಕೂತು, ಹೋಗಿ ಬರುವವರ ಪರಿವೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸತ್ತಾಗ ಹೀಗೆ ಅಳಲು ಯಾರೂ ಬಿಟ್ಟಿರಲಿಲ್ಲ. ಕೊಂದವಳಿಗೆ ಅಳುವ ಹಕ್ಕೆಲ್ಲಿಯದು?

ಸೋಮವಾರ ಡಾಕ್ಟರು ಮೇಸ್ತ್ರಿಯನ್ನು ಬಿಡಿಸಿ ಕಳಿಸುವ ಮಾತಾಡಿದರು. ಅವಳೇ ತಡೆದಳು.

"ಕಳಿಸಿದ್ರೆ ಈ ಹಲಗೆ ಬಗ್ಗಿಸೋರು ಯಾರು? ನೀವಾ?"

"ಅಂದ್ರೆ ನೀವು ಅವರನ್ನ ಕ್ಷಮಿಸಿದ್ರಾ?"

"ಕ್ಷಮೆಗೂ ದೋಣಿಗೂ ಏನ್ರೀ ಸಂಬಂಧ? ದೋಣಿ ಇನ್ನೊಬ್ಬನನ್ನ ಮುಳುಗಿಸಬಾರದು. ಹಲಗೆ ನಾನು ಬಡೀತೀನಿ. ಅವರು ಕತ್ತರಿಸ್ಲಿ."

ಭಾವ ತುಟಿ ಪಿಟಕ್ಕೆನ್ನದೆ ತಾನೇ ಹೊದಿಸಿದ ಹೊಳಪಿನ ಹಲಗೆಗಳನ್ನೆಲ್ಲ ಕಳಚಿ ಹಾಕಿದ. ಅವಳು ಕೊಡತಿ ಹಿಡಿದು ಮೂಗಿನಿಂದ ಬಾಲದವರೆಗೆ ಒಂದೊಂದೇ ಹಲಗೆ ಬಡಿದಳು. ಕತ್ತರಿ ಗುರುತು ಹಾಕುವಾಗಲೆಲ್ಲ ಅವನ ಕಡೆ ನೋಡಿ, ಬೇಕೆಂದೇ ದೊಡ್ಡದಾಗಿ ಹಾಕಿದಳು. ಹಾಗೆ ಏಳು ಹಲಗೆ ಸಿಕ್ಕಿದವು. ಎಂಟನೆಯದಕ್ಕೂ ಗುರುತು ಹಾಕಿದಾಗ ಭಾವ ಅಡ್ಡ ಬಂದು, "ಇದು ಗಟ್ಟಿ," ಎಂದ.

"ಬದ್ ಅಂತಿದೆ."

"ಹಿಂದೆ ಒಳಗಡೆ ಅಡ್ಡಮರ ಒತ್ಕೊಂಡಿದೆ. ಅದಕ್ಕೇ ಹಾಗೆ." ಅವನು ಬೈರಿಗೆ ತಂದು ಕೊರೆದು, ಬಂದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಅವಳ ಮೂಗಿನ ಕೆಳಗೆ ಚಾಚಿದ. ಒಣಗಿದ, ಘಮ್ಮೆನ್ನುವ, ಹೊಂಬಣ್ಣದ ಪುಡಿ. "ಬರೀ ಕಿವಿ ಇದ್ರೆ ಆಗಲ್ಲ," ಎಂದು ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಗುರುತನ್ನು ಅಂಗೈಯಿಂದ ಒರೆಸಿದಳು. ಅವನು ಕೊರೆದ ತೂತಿಗೆ ಮರದ ಬೆಣೆ ಹೊಡೆದ.

ಏಳು ಹಲಗೆಗೆ ಮೂರು ವಾರ ಹಿಡಿಯಿತು. ಹಬೆಯ ಪೆಟ್ಟಿಗೆಯಿಂದ ಹಲಗೆ ಹೊರಬಂದಾಗ ಒಂದು ತುದಿ ಅವನು, ಇನ್ನೊಂದು ತುದಿ ಅವಳು ಹಿಡಿಯಬೇಕಿತ್ತು. ಕೈಗವಸು ತೊಟ್ಟಿದ್ದರೂ ಬಿಸಿ ಸುಡುತ್ತಿತ್ತು. "ಮೇಲೆ! ಮೇಲೆ ಅಂದ್ನಲ್ಲ!" ಎಂದು ಅವನು ಅರಚುವುದು, ಅವಳು ಬೈಯುವುದು, ಅದು ಅವನಿಗೆ ಕೇಳಿಸದೇ ಹೋಗುವುದು. ಕೇಳಿಸದವನನ್ನು ಬೈದು ಏನು ಸುಖ ಎಂದು ಅವಳು ಕೊನೆಕೊನೆಗೆ ಅವನ ಮುಖದ ಎದುರಿಗೇ ಹೋಗಿ ಬೈಯತೊಡಗಿದಳು. ಮುಖಕ್ಕೆ ಬಟ್ಟೆ ಕಟ್ಟುವುದನ್ನು ಬಿಟ್ಟಳು. ಧೂಳಿಗೆ ಕೆಮ್ಮು ಹತ್ತಿತು.

ದೋಣಿ ನೀರಿಗಿಳಿಯುವ ದಿನ ಬೆಳಿಗ್ಗೆ ಹತ್ತಕ್ಕೆ ಅಂಗಳದ ತುಂಬ ಜನ. ಬೇರೆ ದೋಣಿಗಳ ಮಾಲೀಕರು, ಮೆಕ್ಯಾನಿಕ್ಕುಗಳು, ಬಂದರು ಕಚೇರಿಯ ಇಬ್ಬರು ಗುಮಾಸ್ತರು, ಡಾಕ್ಟರ ಹಳೆಯ ರೋಗಿಗಳು. ಇಂಜಿನಕ್ಕ ಕಟ್ಟಿದ ಇಂಜಿನ್ ಎಂದು ಜನ ಗುಸುಗುಸು ಮಾತಾಡುವುದು ಅವಳ ಕಿವಿಗೂ ಬಿತ್ತು. ಹಳಿಯ ಗಾಡಿಯ ಸರಪಳಿ ಬಿಡಿಸಬೇಕೆನ್ನುವಾಗ ಭಾವ ದೋಣಿಯ ಮುಂದೆ ಬಂದು ನಿಂತ. ತನ್ನ ದನಿ ತನಗೇ ಕೇಳಿಸದವನು. ಎಷ್ಟು ಜೋರು ಎಂಬ ಅಂದಾಜಿಲ್ಲದೆ, ಬಿರುಗಾಳಿಯಲ್ಲಿ ಕೂಗುವವನಂತೆ ಕೂಗಿದ.

"ಎಂಟು ವರ್ಷದ ಹಿಂದೆ ನನ್ನ ತಮ್ಮ ಸತ್ತಿದ್ದು ಇಂಜಿನ್ನಿಂದ ಅಲ್ಲ! ನನ್ನ ಹಲಗೆಯಿಂದ! ನನಗೆ ಕಿವಿ ಕೇಳಿಸ್ತಿರಲಿಲ್ಲ, ಬಚ್ಚಿಟ್ಟೆ! ನಿನ್ನೆ ಕಚೇರಿಗೂ ಬರೆದು ಕೊಟ್ಟಿದ್ದೀನಿ! ಕೇಳಿಸ್ತಾ ಎಲ್ಲರಿಗೂ?"

ಎಲ್ಲರಿಗೂ ಕೇಳಿಸಿತ್ತು. ಯಾರೋ ಕೆಮ್ಮಿದರು. ಮೊದಲು ಅವಳ ಕೈಯಿಂದ ತನ್ನ ಇಂಜಿನ್ ಕಿತ್ತುಕೊಂಡು ಹೋಗಿದ್ದ ಮಾಲೀಕನೊಬ್ಬ ತನ್ನ ಬೂಟಿನ ಲೇಸನ್ನೇ ನೋಡತೊಡಗಿದ. ಈ ಗಳಿಗೆಯನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಕಂಡಿದ್ದಳು. ಜನ ಓಡಿಬಂದು ಕೈ ಹಿಡಿಯುತ್ತಾರೆ, ತಾನು ಕೊಡವಿಕೊಳ್ಳುತ್ತೇನೆ ಎಂದೆಲ್ಲ. ಯಾರೂ ಬರಲಿಲ್ಲ. ಎಲ್ಲರಿಗೂ ಅಲ್ಲಿಂದ ಬೇಗ ಜಾಗ ಖಾಲಿ ಮಾಡಿದರೆ ಸಾಕಾಗಿತ್ತು.

"ಸರಪಳಿ ಬಿಡ್ರಪ್ಪ," ಎಂದಳು ಅವಳು.

ದೋಣಿ ನೀರಿಗಿಳಿಯಿತು. ಅವಳು ಕೆಳಗಿಳಿದು ಗುಂಡಿ ಒತ್ತಿದಳು. ಇಂಜಿನ್ ಎರಡು ಸಲ ಮುನಿಸಿಕೊಂಡು, ಕಪ್ಪು ಹೊಗೆ ಕಾರಿ, ಮೂರನೆಯದಕ್ಕೆ ಹಿಡಿಯಿತು. ಧಡ್ ಧಡ್ ಧಡ್ ಎಂದು ಒಂದೇ ಲಯದಲ್ಲಿ ನಡೆಯಿತು. ಡಾಕ್ಟರು ಚುಕ್ಕಾಣಿ ಹಿಡಿದರು. ಕಲ್ಲಿನ ಗೋಡೆ ದಾಟುವಾಗ ಅವಳು ಮೇಲೆ ಬರಲಿಲ್ಲ. ಟಾರ್ಚು ಹಿಡಿದು ತಳದ ಹಲಗೆಗಳ ಮೇಲೆ ಉದ್ದಕ್ಕೂ ಅಂಗೈ ಆಡಿಸಿಕೊಂಡು ತೆವಳಿದಳು. ಎಲ್ಲಿಯೂ ಒಂದು ಹನಿ ಇರಲಿಲ್ಲ. ತೆವಳುತ್ತಲೇ, ಆ ದಿನ ಗಂಡನೂ ಹೀಗೇ ಕೆಳಗೆ ಬಂದು ನೋಡಿರಬೇಕು, ಕಾಲಿಗೆ ನೀರು ತಾಗಿದಾಗ ಏನೆಂದುಕೊಂಡನೋ, ಹಲಗೆ ಎಂದುಕೊಂಡನೋ ಇಂಜಿನ್ ಎಂದುಕೊಂಡನೋ ಎಂದು ಯೋಚನೆ ಬಂತು. ಅದಕ್ಕೆ ಯಾರ ತಪ್ಪೊಪ್ಪಿಗೆಯಿಂದಲೂ ಉತ್ತರ ಸಿಗುವಂತಿರಲಿಲ್ಲ. ಅವಳು ಟಾರ್ಚು ಆರಿಸಿ, ಇಂಜಿನ್ನಿಗೆ ಬೆನ್ನು ಕೊಟ್ಟು, ದಡ ಸೇರುವವರೆಗೆ ಕತ್ತಲಲ್ಲೇ ಕೂತಳು.

ಬಂದರು ಕಚೇರಿ ಭಾವನ ಪರವಾನಗಿ ರದ್ದು ಮಾಡಿತು. ಹೊರಮೈಯ ಕೆಲಸ ಹೋಯಿತು. ಬಂಕು, ಕಪಾಟು, ಮೆಟ್ಟಿಲು ಎಂದು ಒಳಗಿನ ಕೆಲಸ ಮಾತ್ರ ಮಾಡಿಕೊಂಡಿದ್ದ. ಅವಳ ಶೆಡ್ಡಿಗೆ ಇಂಜಿನ್ನುಗಳು ಮತ್ತೆ ಬರತೊಡಗಿದವು. ಬೂಟಿನ ಲೇಸು ನೋಡಿದ್ದ ಮಾಲೀಕನೂ ಬಂದ. "ಹಳೇದೆಲ್ಲ ಮರೀರಿ ಅಕ್ಕ," ಎಂದ. ಅವಳು ಅವನನ್ನು ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸಿ, "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದು ಕಳಿಸಿದಳು.

ಮುಂದಿನ ವರ್ಷ ಅತ್ತೆ ಹಾಸಿಗೆ ಹಿಡಿದಳು. ಸೊಸೆಯನ್ನು ನೋಡಬೇಕು ಎನ್ನುತ್ತಿದ್ದಾಳೆಂದು ಪಕ್ಕದ ಮನೆಯವರು ಬಂದು ಹೇಳಿದರು. ಅವಳು ಹೋಗಲಿಲ್ಲ. ಹತ್ತು ದಿನದ ಮೇಲೆ ಭಾವನೇ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಮುಖ ಸಣ್ಣಗಾಗಿತ್ತು.

"ಅಮ್ಮ ಕೇಳ್ತಿದ್ದಾಳೆ. ಒಂದು ಗಳಿಗೆ ಬಂದು ಹೋಗು."

ಅವಳು ಕೈಯಲ್ಲಿದ್ದ ಗ್ಯಾಸ್ಕೆಟ್ಟನ್ನು ಬೆಂಚಿನ ಮೇಲಿಟ್ಟು, ಅವನಿಗೆ ಚೆನ್ನಾಗಿ ಕಾಣುವಂತೆ ಬೆಳಕಿಗೆ ಬಂದು ನಿಂತು, "ಬರಲ್ಲ," ಎಂದಳು.

ಭಾವ ಅವಳ ತುಟಿಯನ್ನು ನೋಡಿದ. ತಲೆಯಾಡಿಸಿದ. ಒತ್ತಾಯ ಮಾಡಲಿಲ್ಲ, ಬೈಯಲೂ ಇಲ್ಲ. ಅವನು ಗೇಟು ದಾಟುವವರೆಗೆ ಅವಳು ಅಲ್ಲೇ ನಿಂತಿದ್ದು, ಆಮೇಲೆ ಇಂಜಿನ್ನಿನ ಕಡೆ ತಿರುಗಿದಳು. ಮಧ್ಯಾಹ್ನದೊಳಗೆ ಸಿಲಿಂಡರಿನ ಹೆಡ್ ಕೂರಿಸಿ ಮುಗಿಸಬೇಕಿತ್ತು.